ಚಿತ್ರದ ಕುದುರೆ, ಮನೆಯ ವಿಮಾನ

ತುಮಕೂರಿನ ಬಡಾವಣೆಗಳಲ್ಲಿ ಈಗೀಗ ಕೆಲವು ಮನೆಗಳೊಳಗೆ ರಾತ್ರಿಯ ಊಟವಾದ ಮೇಲೆ ವಿಮಾನಗಳು ಹಾರತೊಡಗುತ್ತವೆ. ನೆರೆಮನೆಯವರಿಗೆ ಅದರ ಸದ್ದಿಲ್ಲ. ಮೇಜಿನ ಮೇಲಿಟ್ಟ ಹಾಲಿನ ಲೋಟವೂ ಅಲುಗದು. ಕಂಪ್ಯೂಟರಿನ ತೆರೆಯ ಮುಂದೆ ಕುಳಿತ ತರುಣನೊಬ್ಬನು ಒಂದು ಕೈಯಲ್ಲಿ ಜಾಯ್‌ಸ್ಟಿಕ್ಕೆಂಬ ಹಿಡಿಕೋಲನ್ನು ಹಿಡಿದು, ಮತ್ತೊಂದು ಕೈಯಿಂದ ಇಂಜಿನಿನ ಬಲವನ್ನು ಏರಿಸುತ್ತ ಇಳಿಸುತ್ತ, ಬೆಂಗಳೂರಿನಿಂದ ಹೊರಟು ದೇವರಾಯನದುರ್ಗದ ಬೆಟ್ಟವನ್ನು ಬಲಕ್ಕೆ ಬಿಟ್ಟು ಬಂದು, ತನ್ನ ಊರಿನ ಅಮಾನಿಕೆರೆಯನ್ನು ಮೇಲಿನಿಂದ ನೋಡುತ್ತಾನೆ. ಮನಸ್ಸು ಬಂದರೆ ಎಡಕ್ಕೆ ತಿರುಗಿ ಕುಣಿಗಲಿನ ದೊಡ್ಡಕೆರೆಯ ಮೇಲೆ ಒಂದು ಸುತ್ತು ಹಾಕುತ್ತಾನೆ. ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಆ ಕೆರೆಯನ್ನು ಹಾಡು ಕಟ್ಟಿದವರು ಏರಿಯ ಮೇಲೆ ನಿಂತು ಕಂಡರೇ ಹೊರತು ಈ ನೆಲೆಯಿಂದ ಎಂದೂ ಕಂಡವರಲ್ಲ.

ಇದು ಸಿಮ್ಯುಲೇಟರೆಂಬ ಅನುಕರಣ ಯಂತ್ರದ ಮಹಿಮೆ. ೧೯೮೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಮೊದಲು ಹೊರತಂದ ಫ್ಲೈಟ್ ಸಿಮ್ಯುಲೇಟರಿನಲ್ಲಿ ಭೂಮಿಯೆಂದರೆ ಕೆಲವು ಬಣ್ಣದ ಗೆರೆಗಳು ಮಾತ್ರ. ೨೦೨೦ರಲ್ಲಿ ಅದೇ ಹೆಸರಿನಿಂದ ಹೊರಬಂದುದರಲ್ಲಿ ಉಪಗ್ರಹಗಳಿಂದಲೂ ವಿಮಾನಗಳಿಂದಲೂ ತೆಗೆದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಭೂಗೋಲವನ್ನೆಲ್ಲ ಕಟ್ಟಿದ್ದಾರೆ. ಅನುಕರಣವು ನಿಜಕ್ಕಿಂತ ಹೆಚ್ಚು ದಿನ ಬಾಳಿದ ವಿಚಿತ್ರವೂ ಈ ಚರಿತ್ರೆಯಲ್ಲಿ ಉಂಟು. ಮೊದಮೊದಲಿನ ಆಟಗಳಲ್ಲಿ ಹಾರಾಟವು ಷಿಕಾಗೋ ನಗರದ ಮೀಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಿಂದ ಆರಂಭವಾಗುತ್ತಿತ್ತು. ೨೦೦೩ರಲ್ಲಿ ಆ ನಗರದವರು ಅದರ ಓಡುದಾರಿಯನ್ನು ರಾತ್ರೋರಾತ್ರಿ ಅಗೆದು ಹಾಳುಮಾಡಿದರು. ಆದರೆ ಹಳೆಯ ಆಟವನ್ನು ಉಳಿಸಿಕೊಂಡವರ ಮನೆಗಳಲ್ಲಿ ಆ ದಾರಿಯಿಂದ ವಿಮಾನಗಳು ಏರುತ್ತಲೇ ಇದ್ದುವು.

ಮೇಲೆ ಹೇಳಿದಂಥ ಒಂದು ಮನೆಯಲ್ಲಿ ತರುಣನು ಊಟಕ್ಕೆ ಕುಳಿತಾಗ, “ನನಗೆ ವಿಮಾನ ನಡೆಸಲು ಬರುತ್ತದೆ” ಎಂದನೆಂದು ಇಟ್ಟುಕೊಳ್ಳಬಹುದು. ಅವನು ಸುಳ್ಳುಗಾರನಲ್ಲ, ತೆರೆಯ ಮುಂದೆ ಸಾವಿರ ಗಂಟೆ ಕಳೆದಿದ್ದಾನೆ. ಅವನ ತಂದೆ ಗುಬ್ಬಿಯ ಕಡೆಯ ತೆಂಗಿನ ತೋಟವನ್ನು ಮಾರಿಯಾದರೂ ಮಗನನ್ನು ವಿಮಾನ ಶಾಲೆಗೆ ಸೇರಿಸಬೇಕೆಂದು ಯೋಚಿಸುತ್ತಿದ್ದಾನೆ. ಎಳೆಯಂದಿನಲ್ಲಿ ಕುಣಿಗಲಿನ ಕುದುರೆ ಫಾರಮ್ಮಿನಲ್ಲಿ ದುಡಿದ ತಾತನೊಬ್ಬನು ಮನೆಯಲ್ಲಿದ್ದಾನೆ. ಅವನು ತುತ್ತನ್ನು ಕೈಯಲ್ಲೇ ನಿಲ್ಲಿಸಿ, “ಬರುತ್ತದೆಯೋ, ಬಂದ ಹಾಗೆ ಕಾಣುತ್ತದೆಯೋ, ಮಗು?” ಎಂದು ಕೇಳುತ್ತಾನೆ. ತೋಟದ ಮಾತು ಇದರಲ್ಲಿ ಸೇರಿರುವುದರಿಂದ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಅನುಕರಣದಿಂದ ಪಡೆದುದು ಜ್ಞಾನವೇ, ಜ್ಞಾನಾಭಾಸವೇ? ಅದು ಜ್ಞಾನವೇ ಆದರೂ, ಅದರ ಬಲದ ಮೇಲೆ “ಬರುತ್ತದೆ” ಎನ್ನುವ ಅಧಿಕಾರವು ಬಂದೀತೆ?

ಈ ವಿಚಾರವು ತುಮಕೂರು ಸೀಮೆಗೆ ಹೊಸತಲ್ಲ. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಅನುಕರಣದ ಸೊಗಸನ್ನು ಕನ್ನಡಿಗರಿಗೆ ಎರಡು ಮೂರು ತಲೆಮಾರುಗಳ ಕಾಲ ಉಣಿಸಿತು. ಚಿಕ್ಕ ಹುಡುಗನಾಗಿ ಅದನ್ನು ಸೇರಿ ಕಡೆಗೆ ಅದರ ಒಡೆಯನಾದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ಬಣ್ಣದ ಪರದೆ ಸಾಲದೆಂದು ನಿಜವಾದ ಆನೆಗಳನ್ನೂ ಕುದುರೆಗಳನ್ನೂ ರಂಗಕ್ಕೆ ತಂದರು. ಜನರು ಬೆರಗಾದರು. ಆದರೆ ಆನೆ ನಿಜವಾದ ಮಾತ್ರಕ್ಕೆ ಯುದ್ಧವು ನಿಜವಾಗಲಿಲ್ಲ. ಭೀಷ್ಮನು ಪ್ರತಿರಾತ್ರಿಯೂ ಶರಶಯ್ಯೆಯಿಂದ ಎದ್ದು ಮುಖದ ಬಣ್ಣವನ್ನು ಒರೆಸಿಕೊಂಡು ಊಟಕ್ಕೆ ಹೋಗುತ್ತಿದ್ದನು. ಸಾಮಗ್ರಿಯು ಎಷ್ಟು ನಿಜವೆಂಬುದು ಒಂದು ಮಾತು, ಕ್ರಿಯೆಯು ಎಷ್ಟು ನಿಜವೆಂಬುದು ಮತ್ತೊಂದು ಮಾತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಮನೆಯ ಸಿಮ್ಯುಲೇಟರನ್ನು ಮಾರುವವರು “ನೈಜತೆ” ಎಂಬ ಒಂದೇ ಶಬ್ದದಿಂದ ಈ ಎರಡನ್ನೂ ಮುಚ್ಚಿಬಿಡುತ್ತಾರೆ.

ನಮ್ಮ ದೇಶದ ಅಲಂಕಾರಿಕರು ಈ ಕಡೆಗೆ ಬಹು ಸೂಕ್ಷ್ಮವಾಗಿ ನೋಡಿದ್ದರು. ಕಾಶ್ಮೀರದ ಶ್ರೀಶಂಕುಕನು ನಟನಲ್ಲಿ ರಾಮನನ್ನು ಕಾಣುವ ಬುದ್ಧಿಯನ್ನು ವಿವರಿಸಲು ಚಿತ್ರತುರಗ ನ್ಯಾಯವನ್ನು ಹೇಳಿದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು “ಇದು ಕುದುರೆ” ಎನ್ನುವವನಿಗೆ ಇರುವುದು ಸರಿಯಾದ ಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯ ಬುದ್ಧಿಯೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಪ್ರತೀತಿ. ತೆರೆಯ ಮುಂದಿನ ತರುಣನ ಸ್ಥಿತಿಯೂ ಇದೇ. ತಾನು ಆಕಾಶದಲ್ಲಿದ್ದೇನೆಂದು ಅವನು ಭ್ರಮಿಸಿಲ್ಲ. ತಾಯಿ ಕರೆದರೆ “ಬಂದೆ ಅಮ್ಮ” ಎನ್ನುತ್ತಾನೆ. ಆದರೂ ವಿಮಾನವು ಓಡುದಾರಿಯ ಕಡೆಗೆ ಓರೆಯಾಗಿ ಬಂದಾಗ ಅವನ ಅಂಗೈ ಬೆವರುತ್ತದೆ. ಶ್ರೀಶಂಕುಕನಿದ್ದಿದ್ದರೆ ಸಂತೋಷಪಡುತ್ತಿದ್ದನು.

ಆದರೆ ಅಭಿನವಗುಪ್ತನ ಗುರುವಾದ ಭಟ್ಟತೌತನು ಈ ಅನುಕರಣವಾದಕ್ಕೆ ಒಡ್ಡಿದ ಆಕ್ಷೇಪವು ಇನ್ನೂ ಮೊನಚಾದುದು. ಮೂಲವನ್ನು ಕಂಡವನು ಮಾತ್ರವೇ ಇದು ಅದರ ಅನುಕರಣವೆಂದು ಹೇಳಬಲ್ಲನು. ರಾಮನ ಮನಸ್ಸಿನ ರತಿಯನ್ನು ಯಾರೂ ಕಂಡವರಿಲ್ಲವಾದುದರಿಂದ ನಟನು ಅದನ್ನು ಅನುಕರಿಸುತ್ತಾನೆಂಬ ಮಾತಿಗೆ ಅರ್ಥವೇನು ಎಂಬುದೇ ಆ ಆಕ್ಷೇಪ. ನಾಟಕದ ವಿಷಯದಲ್ಲಿ ಇದಕ್ಕೆ ಏನು ಸಮಾಧಾನವಿದ್ದರೂ ಇರಲಿ, ವಿಮಾನದ ವಿಷಯದಲ್ಲಿ ಇದು ನೆಟ್ಟಗೆ ನಾಟುತ್ತದೆ. “ಈ ಸಿಮ್ಯುಲೇಟರು ತದ್ವತ್ ನಿಜದ ಹಾಗೆಯೇ ಇದೆ” ಎಂದು ಸಾಕ್ಷಿ ಹೇಳುವವರಲ್ಲಿ ಬಹುಮಂದಿ ನಿಜವಾದ ವಿಮಾನದ ಹಿಡಿಕೋಲನ್ನು ಮುಟ್ಟಿದವರೇ ಅಲ್ಲ. ಅವರು ಹೋಲಿಸುತ್ತಿರುವುದು ಚಿತ್ರವನ್ನು ಕುದುರೆಯೊಡನೆ ಅಲ್ಲ, ಚಿತ್ರವನ್ನು ಇನ್ನೊಂದು ಚಿತ್ರದೊಡನೆ.

ಆದುದರಿಂದ ಎರಡನ್ನೂ ಬಲ್ಲವರ ಮಾತನ್ನು ಕೇಳಬೇಕಾಗುತ್ತದೆ. ಅವರು ಮನೆಯ ಯಂತ್ರವನ್ನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲವೆಂಬುದು ಗಮನಾರ್ಹ. ವಿಮಾನವನ್ನು ಕಣ್ಣಿಗೆ ಕಾಣುವ ಮುಳ್ಳುಗಳನ್ನು ನೋಡಿಕೊಂಡೇ ನಡೆಸುವ ವಿದ್ಯೆಯಲ್ಲಿ ಅದು ನಿಜಕ್ಕೆ ಬಹಳ ಸಮೀಪವಾದುದು. ಮೋಡದೊಳಗೆ ಹೊಕ್ಕ ವಿಮಾನಿಗೆ ಹೊರಗೆ ಏನೂ ಕಾಣದು. ಕಿವಿಯೊಳಗಿನ ಸಮತೋಲದ ಇಂದ್ರಿಯವು ಅವನಿಗೆ ಸುಳ್ಳು ಹೇಳತೊಡಗುತ್ತದೆ. ಒಂದೇ ಸಮನಾಗಿ ತಿರುಗುತ್ತಿರುವ ವಿಮಾನದಲ್ಲಿ ಒಳಗಿವಿಯ ದ್ರವವೂ ಆ ವೇಗವನ್ನೇ ಹೊಂದಿಬಿಡುವುದರಿಂದ, ತಿರುಗುತ್ತಿದ್ದೇನೆಂಬ ಅರಿವೇ ಅಳಿದುಹೋಗುತ್ತದೆ. ತಿರುವನ್ನು ನಿಲ್ಲಿಸಿದರೆ ಎದುರು ದಿಕ್ಕಿಗೆ ತಿರುಗಿದಂತೆ ತೋರುತ್ತದೆ. ೧೯೫೪ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದವರು ಮುಳ್ಳು ನೋಡಿ ಹಾರುವುದನ್ನು ಕಲಿಯದ ೨೦ ಮಂದಿ ವಿಮಾನಿಗಳನ್ನು ಹೊರನೋಟವಿಲ್ಲದೆ ಹಾರಿಸಿ ಪರೀಕ್ಷಿಸಿದಾಗ ಎಲ್ಲರೂ ವಿಮಾನದ ಮೇಲಿನ ಹಿಡಿತವನ್ನು ಕಳೆದುಕೊಂಡರು. ಸರಾಸರಿ ಹಿಡಿದ ಕಾಲ ೧೭೮ ಸೆಕೆಂಡು, ಎಂದರೆ ಮೂರು ಮಿನಿಟು ಸಹ ಇಲ್ಲ. ಶರೀರದ ಮಾತನ್ನು ಕೇಳದೆ ಮುಳ್ಳಿನ ಮಾತನ್ನು ನಂಬುವ ಈ ಶಿಕ್ಷಣಕ್ಕೆ, ಶರೀರಕ್ಕೆ ಏನನ್ನೂ ಹೇಳದ ಮನೆಯ ಕುರ್ಚಿಯು ಅಷ್ಟೇನೂ ಕೆಟ್ಟ ಶಾಲೆಯಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದ ಜಕ್ಕೂರಿನಲ್ಲಿ ಬೇಸಗೆಯ ಮಧ್ಯಾಹ್ನ ಗಾಳಿ ತೆಳುವಾಗಿ, ನೆಲ ಬಿಡುವುದಕ್ಕೆ ಹೆಚ್ಚು ದೂರ ಓಡಬೇಕಾಗುತ್ತದೆಂಬ ಲೆಕ್ಕವನ್ನೂ ಒಳ್ಳೆಯ ಸಿಮ್ಯುಲೇಟರು ತಪ್ಪದೆ ಒಪ್ಪಿಸುತ್ತದೆ.

ಈ ಯಂತ್ರದ ಹುಟ್ಟೇ ಹಾಗಿದೆ. ಅಮೆರಿಕೆಯ ಬಿಂಗ್‌ಹ್ಯಾಂಟನ್ ಊರಿನಲ್ಲಿ ಪಿಯಾನೋಗಳನ್ನೂ ಗಾಳಿಯೊತ್ತುವ ಆರ್ಗನ್ ವಾದ್ಯಗಳನ್ನೂ ಮಾಡುತ್ತಿದ್ದವನ ಮಗನಾದ ಎಡ್ವಿನ್ ಲಿಂಕ್ ಎಂಬುವನು, ವಿಮಾನ ಕಲಿಯಲು ತಗಲುವ ವೆಚ್ಚವನ್ನು ತಾಳಲಾರದೆ, ತಂದೆಯ ಕಾರ್ಖಾನೆಯ ತಿದಿಗಳಿಂದಲೇ ವಾಲುವ ಹೊರಳುವ ಒಂದು ಪುಟ್ಟ ವಿಮಾನವನ್ನು ೧೯೨೯ರಲ್ಲಿ ಕಟ್ಟಿದನು. ವಿಮಾನಶಾಲೆಗಳು ಅದನ್ನು ಕೊಳ್ಳಲಿಲ್ಲ. ಕೊಂಡವರು ಜಾತ್ರೆಯಂಥ ವಿನೋದದ ತೋಟಗಳವರು. ಕಾಸು ಹಾಕಿದವರು ಅದರಲ್ಲಿ ಕುಳಿತು ನಕ್ಕು ಇಳಿಯುತ್ತಿದ್ದರು. ೧೯೩೪ರಲ್ಲಿ ಅಲ್ಲಿನ ಸೈನ್ಯಕ್ಕೆ ಅಂಚೆಯನ್ನು ಒಯ್ಯುವ ಕೆಲಸ ಬಿದ್ದು, ಕೆಟ್ಟ ಹವೆಯಲ್ಲಿ ಹಾರಲು ಅರಿಯದ ವಿಮಾನಿಗಳು ಕೆಲವೇ ವಾರಗಳಲ್ಲಿ ಒಬ್ಬರ ಮೇಲೊಬ್ಬರು ಮಡಿದಾಗ, ಸೈನ್ಯದವರು ಲಿಂಕನ ಯಂತ್ರಗಳಲ್ಲಿ ಆರನ್ನು ತರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ವಿಮಾನಿಗಳು ಅದರಲ್ಲಿ ಕಲಿತರು. ಆಟದ ಸಾಮಾನಿಗೂ ಪಾಠದ ಸಾಮಾನಿಗೂ ನಡುವೆ ಇದ್ದ ಗೋಡೆ ಅಂದಿನಿಂದಲೂ ತೆಳುವಾದುದೇ. ಮೊಮ್ಮಗನ ಯಂತ್ರವನ್ನು ಆಟವೆಂದು ಜರೆಯುವ ಹಿರಿಯರು ಇದನ್ನು ತಿಳಿದಿರಬೇಕು.

ಇನ್ನು ಕೊರತೆಯ ಮಾತು. ಅದು ಮೊದಲು ಕೈಯಲ್ಲಿ ಕಾಣುತ್ತದೆ. ಸಣ್ಣ ವಿಮಾನದ ಹಿಡಿಕೋಲಿಗೆ ರೆಕ್ಕೆ ಬಾಲಗಳ ಮೇಲೆ ಒತ್ತುವ ಗಾಳಿಯೇ ಬಿಗಿ. ವೇಗ ಹೆಚ್ಚಿದಷ್ಟೂ ಅದು ಗಟ್ಟಿಯಾಗುತ್ತದೆ. ವೇಗ ಕುಂದಿ ರೆಕ್ಕೆಯು ಹಿಡಿತ ಬಿಡುವ ಹೊತ್ತು ಹತ್ತಿರ ಬಂದಾಗ ಬೆಂದ ಸೊಪ್ಪಿನ ಹಾಗೆ ಮೆತ್ತಗಾಗುತ್ತದೆ. ನುರಿತವನು ಆ ಮೆತುವನ್ನೇ ಎಚ್ಚರಿಕೆಯ ಗಂಟೆಯಾಗಿ ಕೇಳುತ್ತಾನೆ. ಮನೆಯ ಕೋಲಿನಲ್ಲಿರುವುದು ಒಂದು ಸ್ಪ್ರಿಂಗು. ಅದಕ್ಕೆ ಎಲ್ಲ ವೇಗಗಳೂ ಒಂದೇ. ಕೈಯ ಭಾರವನ್ನು ಇಳಿಸುವುದಕ್ಕೆಂದೇ ಇರುವ ಟ್ರಿಮ್ ಎಂಬ ಚಕ್ರವನ್ನು ವಿಮಾನದಲ್ಲಿ ಕೈಯೇ ಕೇಳಿ ತಿರುಗಿಸುತ್ತದೆ, ಮನೆಯಲ್ಲಿ ಕಣ್ಣು ಹೇಳಿ ತಿರುಗಿಸುತ್ತದೆ. ಬಳಿಕ ಮೈಯ ಮಾತು. ಎತ್ತರ ಬಿಡದೆ ೬೦ ಅಂಶ ವಾಲಿಸಿ ತಿರುಗಿದರೆ ಮನುಷ್ಯನ ತೂಕ ಇಮ್ಮಡಿಯಾಗುತ್ತದೆ. ಕೆನ್ನೆ ಜೋಲುತ್ತದೆ, ತೋಳನ್ನು ಎತ್ತುವುದು ಕಷ್ಟವಾಗುತ್ತದೆ. ತೆರೆಯ ಮೇಲೆ ದಿಗಂತವು ಓರೆಯಾಗುತ್ತದೆ, ಅಷ್ಟೆ. ಚೈತ್ರದ ಮಧ್ಯಾಹ್ನ ಕಾದ ಹೊಲಗಳಿಂದ ಏಳುವ ಗಾಳಿಯ ಗುದ್ದು, ಇಂಜಿನಿನ ವಾಸನೆ, ಕಾಲಿನ ಕೆಳಗಿನ ನಡುಕ, ಹೊಟ್ಟೆ ತೊಳಸುವುದು: ಇವು ಯಾವುವೂ ಕಂಪ್ಯೂಟರಿನಲ್ಲಿ ದೊರೆಯತಕ್ಕವಲ್ಲ. ಇಳಿಯುವಾಗಿನ ಕಡೆಯ ಕೆಲವು ಅಡಿಗಳಲ್ಲಿ ನೆಲವು ಎಷ್ಟು ದೂರವಿದೆಯೆಂಬುದನ್ನು ವಿಮಾನಿಯು ಕಣ್ಣಿನ ಅಂಚಿನಿಂದ ಅಳೆಯುತ್ತಾನೆ. ಎದುರಿಗಿರುವ ಒಂದು ತೆರೆಗೆ ಅಂಚುಗಳೇ ಇಲ್ಲ. ಕಾಲಿನಿಂದ ಒತ್ತುವ ರಡ್ಡರ್ ಪೆಡಲುಗಳನ್ನು ಎಷ್ಟೋ ಮನೆಗಳಲ್ಲಿ ಇಟ್ಟುಕೊಂಡೇ ಇಲ್ಲವಾದುದರಿಂದ ಅಂಥವರ ಕಾಲುಗಳು ವಿಮಾನದಲ್ಲಿಯೂ ನಿದ್ದೆಮಾಡುತ್ತಿರುತ್ತವೆ.

ಹೆಲಿಕಾಪ್ಟರಿನಲ್ಲಿ ಈ ಅಂತರವು ಇನ್ನೂ ಹಿರಿದು. ಅನುಕರಣದ ಸೊಗಸನ್ನು ಕಲಿಸಿದ ಗುಬ್ಬಿಯ ತಾಲ್ಲೂಕಿನಲ್ಲಿಯೇ, ಬಿದರೆಹಳ್ಳ ಕಾವಲಿನ ೬೧೫ ಎಕರೆ ನೆಲದಲ್ಲಿ, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ರ ಫೆಬ್ರವರಿ ೬ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಮೂರು ಟನ್ನಿನ ವರ್ಗಕ್ಕೆ ಸೇರಿದ, ಒಂದೇ ಇಂಜಿನಿನ ಲಘು ಹೆಲಿಕಾಪ್ಟರುಗಳನ್ನು ಕಟ್ಟುವುದಕ್ಕಾಗಿ ಅದು ಮೊದಲು ಏರ್ಪಟ್ಟಿತು. ಅಂಥ ಯಂತ್ರವನ್ನು ನೆಲದಿಂದ ನಾಲ್ಕಡಿ ಮೇಲೆ ಒಂದೇ ಕಡೆ ನಿಲ್ಲಿಸುವುದೇ ಕಲಿಯುವವನಿಗೆ ಎಲ್ಲಕ್ಕಿಂತ ಕಷ್ಟವಾದ ಪಾಠ. ಎರಡು ಕೈಗಳೂ ಎರಡು ಕಾಲುಗಳೂ ಒಟ್ಟಿಗೆ ದುಡಿಯಬೇಕು. ಯಂತ್ರವು ಸರಿಯುವುದನ್ನು ಕಣ್ಣು ಕಾಣುವ ಮೊದಲೇ ಮೈಯು ಅರಿತು ತಿದ್ದಬೇಕು. ಮನೆಯ ಸಿಮ್ಯುಲೇಟರಿನಲ್ಲಿ ಮೈಗೆ ಸುದ್ದಿಯೇ ಬಾರದ ಕಾರಣ ಕಣ್ಣು ಹೇಳುವವರೆಗೂ ಕಾಯಬೇಕಾಗುತ್ತದೆ, ಅಷ್ಟರಲ್ಲಿ ತಪ್ಪು ಬೆಳೆದಿರುತ್ತದೆ. ಇದರ ಫಲವಾಗಿ ತೆರೆಯ ಮೇಲಿನ ಹೆಲಿಕಾಪ್ಟರನ್ನು ನಿಲ್ಲಿಸುವುದು ಕೆಲವು ಅಂಶಗಳಲ್ಲಿ ನಿಜವಾದುದನ್ನು ನಿಲ್ಲಿಸುವುದಕ್ಕಿಂತಲೂ ಕಷ್ಟ. ಅನುಕರಣವೆಂದರೆ ಯಾವಾಗಲೂ ಸುಲಭವಾದ ನಕಲು ಎಂದು ಭಾವಿಸತಕ್ಕದ್ದಲ್ಲ.

ಕೊರತೆ ಇಷ್ಟೇ ಆಗಿದ್ದರೆ ಹಣದಿಂದ ತುಂಬಬಹುದಿತ್ತು. ದೊಡ್ಡ ವಿಮಾನ ಸಂಸ್ಥೆಗಳು ಬಳಸುವ ಸಿಮ್ಯುಲೇಟರುಗಳಲ್ಲಿ ಇಡೀ ಚಾಲಕನ ಕೋಣೆಯೇ ಆರು ಕಾಲುಗಳ ಮೇಲೆ ನಿಂತು ವಾಲುತ್ತದೆ. ವೇಗ ಹೆಚ್ಚಿದಂತೆ ತೋರಿಸಬೇಕಾದಾಗ ಅದು ಮೆಲ್ಲಗೆ ಮೂತಿಯನ್ನು ಮೇಲೆತ್ತುತ್ತದೆ. ಬೆನ್ನಿಗೆ ಒತ್ತುವ ಭೂಮಿಯ ಸೆಳೆತವನ್ನೇ ಮೈಯು ವೇಗದ ನೂಕೆಂದು ನಂಬುತ್ತದೆ. ಬೆಂಗಳೂರಿನಲ್ಲಿಯೂ ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಕೆನಡಾ ದೇಶದ ಸಿ.ಎ.ಇ. ಸಂಸ್ಥೆಗಳು ಕೂಡಿ ಹೆಲಿಕಾಪ್ಟರ್ ಚಾಲಕರಿಗಾಗಿ ಹ್ಯಾಟ್ಸಾಫ್ ಎಂಬ ಇಂಥದೊಂದು ಶಿಕ್ಷಣಾಲಯವನ್ನು ಸ್ಥಾಪಿಸಿದುವು. ಆದರೆ ಅನುಕರಣವು ಸಮೀಪವಾದಷ್ಟೂ ಅದರ ತಪ್ಪು ಹೆಚ್ಚು ಅಪಾಯಕರವಾಗುವುದುಂಟು. ೨೦೦೧ರ ನವೆಂಬರ್ ೧೨ರಂದು ನ್ಯೂಯಾರ್ಕಿನಿಂದ ಏರಿದ ಒಂದು ಏರ್‌ಬಸ್ ವಿಮಾನವು, ಮುಂದೆ ಹೋದ ವಿಮಾನದ ಗಾಳಿಯ ಸುಳಿಗೆ ಸಿಕ್ಕಿದಾಗ, ಸಹಚಾಲಕನು ರಡ್ಡರನ್ನು ಅತಿಯಾಗಿ ಎಡಬಲ ಒತ್ತಿದ್ದರಿಂದ ಬಾಲದ ನೆಟ್ಟಗಿನ ರೆಕ್ಕೆಯೇ ಮುರಿದು ಬಿತ್ತು. ೨೬೫ ಜನ ಸತ್ತರು. ವಿಚಾರಣೆ ಮಾಡಿದ ಮಂಡಲಿಯವರು, ಆ ರಡ್ಡರಿನ ರಚನೆಯೊಡನೆ, ಚಾಲಕರಿಗೆ ಕೊಟ್ಟ ತರಬೇತಿಯ ಕೆಲವು ಅಂಶಗಳನ್ನೂ ಕಾರಣಗಳಲ್ಲಿ ಸೇರಿಸಿದರು. ಸಿಮ್ಯುಲೇಟರಿನಲ್ಲಿ ಮಾಡಿಸುತ್ತಿದ್ದ ಒಂದು ಅಭ್ಯಾಸವು ಸುಳಿಗಾಳಿಯ ಪೆಟ್ಟನ್ನು ನಿಜಕ್ಕಿಂತ ಬಹಳ ಭಯಂಕರವೆಂಬಂತೆ ತೋರಿಸುತ್ತಿತ್ತೆಂಬುದು ಅವರ ಅಭಿಪ್ರಾಯ. ಮನೆಯ ಯಂತ್ರವನ್ನು ಯಾರೂ ಪೂರ್ತಿ ನಂಬುವುದಿಲ್ಲ. ಶಾಲೆಯ ಯಂತ್ರವನ್ನು ನಂಬುತ್ತಾರೆ. ತಪ್ಪು ನುಡಿಯುವ ನಂಬುಗೆಯ ಗೆಳೆಯನು, ಸುಳ್ಳನೆಂದು ಊರಿಗೆಲ್ಲ ಗೊತ್ತಾದವನಿಗಿಂತ ಹೆಚ್ಚು ಹಾನಿ ಮಾಡಬಲ್ಲನು.

ಇಲ್ಲಿಯವರೆಗಿನದು ಯಂತ್ರದ ವಿಚಾರ. ತಾತನ ಪ್ರಶ್ನೆಯು ಇದಕ್ಕಿಂತ ಆಳವಾದುದು. ಮನೆಯ ವಿಮಾನದಲ್ಲಿ ಇರುವ ಒಂದು ಸೌಕರ್ಯವು ನಿಜವಾದ ವಿಮಾನದಲ್ಲಿ ಇಲ್ಲ: ನಿಲ್ಲಿಸುವ ಗುಂಡಿ. ಅದನ್ನು ಒತ್ತಿದರೆ ವಿಮಾನವು ನಡು ಆಕಾಶದಲ್ಲಿ ನಿಲ್ಲುತ್ತದೆ. ತರುಣನು ಕಾಫಿ ಕುಡಿದು ಬರುತ್ತಾನೆ. ಬಿದ್ದರೂ ಮತ್ತೊಮ್ಮೆ ಮೊದಲಿನಿಂದ ಆರಂಭಿಸುತ್ತಾನೆ. ಮಾಡಿದುದನ್ನು ಮಾಡದಂತೆ ಮಾಡಲಾಗದಿರುವುದೇ ಕರ್ಮದ ಲಕ್ಷಣವಾದರೆ ತೆರೆಯ ಮೇಲೆ ನಡೆಯುವುದು ಕರ್ಮವೇ ಅಲ್ಲವೆನ್ನಬೇಕಾಗುತ್ತದೆ. ಫಲವಿಲ್ಲದ ಕಡೆ ಹೊಣೆಯಿಲ್ಲ. ಹೊಣೆಯಿಲ್ಲದ ಕಡೆ ಧೈರ್ಯವೂ ಇಲ್ಲ, ಹೇಡಿತನವೂ ಇಲ್ಲ. ಆದುದರಿಂದ ತೆರೆಯ ಮುಂದೆ ತೋರಿದ ನಿರ್ಭಯವನ್ನು ಧೈರ್ಯವೆನ್ನುವುದು ಶಬ್ದದ ದುರುಪಯೋಗ.

ಹೀಗೆಂದು ಮಾತನ್ನು ಮುಗಿಸುವುದು ಸುಲಭ. ಆದರೆ ಒಂದು ಬಲವಾದ ಪ್ರತಿವಾದವಿದೆ. ವಿಮಾನ ಸಂಸ್ಥೆಗಳ ಸಿಮ್ಯುಲೇಟರಿನಲ್ಲಿಯೂ ಸಾವಿಲ್ಲ. ಅಲ್ಲಿಯೂ ಶಿಕ್ಷಕನ ಬಳಿ ನಿಲ್ಲಿಸುವ ಗುಂಡಿ ಇದೆ. ಆದರೂ ಹಲವು ದೇಶಗಳಲ್ಲಿ, ಅನುಭವಿಯಾದ ಚಾಲಕನು ಹೊಸ ಬಗೆಯ ವಿಮಾನವೊಂದನ್ನು ಪೂರ್ತಿಯಾಗಿ ಸಿಮ್ಯುಲೇಟರಿನಲ್ಲಿಯೇ ಕಲಿತು, ನಿಜವಾದ ಆ ವಿಮಾನವನ್ನು ಮೊದಲ ಬಾರಿಗೆ ನಡೆಸುವಾಗಲೇ ಮೇಲ್ವಿಚಾರಕನ ಪಕ್ಕದಲ್ಲಿ ಕುಳಿತು, ಹಿಂದೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗಬಹುದೆಂದು ಸರ್ಕಾರದವರೇ ಒಪ್ಪಿದ್ದಾರೆ. ಫಲವಿಲ್ಲದ ಕಡೆ ವಿದ್ಯೆಯಿಲ್ಲವೆಂಬುದು ನಿಜವಾದರೆ ಇದು ಕೊಲೆಗೆ ಸಮಾನವಾದ ಕೆಲಸವಾಗುತ್ತಿತ್ತು. ಹಾಗಾಗಿಲ್ಲ.

ಈ ತೊಡಕನ್ನು ಬಿಡಿಸುವ ಎಳೆ ತಾತನ ಬಳಿಯೇ ಇದೆ. ಗೋಡೆಯ ಮೇಲೆ ಕ್ಯಾಲೆಂಡರಿನಲ್ಲಿ ನಾಗಾಲೋಟದ ಕುದುರೆಯ ಚಿತ್ರವಿದ್ದರೆ ಮನೆಯವರೆಲ್ಲ ಕುದುರೆಯನ್ನು ನೋಡುತ್ತಾರೆ. ಅವನು ಮಾತ್ರ, “ಅದನ್ನು ನೋಡಿದರೆ ತೊಡೆ ನೋಯುತ್ತದಪ್ಪ” ಎನ್ನುತ್ತಾನೆ. ಚಿತ್ರವು ಒಂದೇ. ಆದರೆ ಸವಾರಿ ಮಾಡಿ ಬಿದ್ದು ಎದ್ದವನ ಮೈಯಲ್ಲಿ ಉಳಿದ ಸಂಸ್ಕಾರವನ್ನು ಅದು ಎಬ್ಬಿಸುತ್ತದೆ. ಉಳಿದವರಲ್ಲಿ ಎಬ್ಬಿಸುವುದಕ್ಕೆ ಮಲಗಿರುವುದೇನೂ ಇಲ್ಲ. ರಸಾಸ್ವಾದಕ್ಕೆ ಸಹೃದಯನಲ್ಲಿ ವಾಸನೆಗಳು ಮೊದಲೇ ಇರಬೇಕೆಂದು ಅಭಿನವಗುಪ್ತನು ಹೇಳಿದುದು ಇದಕ್ಕೆ ದೂರದ ಮಾತಲ್ಲ. ನೂರಾರು ಗಂಟೆ ನಿಜವಾಗಿ ಹಾರಿದವನು ಸಿಮ್ಯುಲೇಟರನ್ನು ಹೊಕ್ಕಾಗ, ಯಂತ್ರವು ಕೊಡಲಾರದ ಭಯವನ್ನೂ ಭಾರವನ್ನೂ ತನ್ನ ನೆನಪಿನಿಂದ ತಾನೇ ತುಂಬಿಕೊಳ್ಳುತ್ತಾನೆ. ಅವನ ಲೈಸೆನ್ಸು ಪರೀಕ್ಷಕನ ಕೈಯಲ್ಲಿದೆಯೆಂಬುದು ಬೇರೆ. ತೆರೆಯ ಮೇಲೆ ಬಿದ್ದರೆ ನಿಜವಾಗಿ ಬೀಳುವುದು ಅವನ ಅನ್ನದ ದಾರಿ. ಎಂದೂ ಹಾರದ ತರುಣನಿಗೆ ಅದೇ ಯಂತ್ರವು ಖಾಲಿ ಪಾತ್ರೆ. ಹೀಗಾಗಿ ‘ಈ ಸಿಮ್ಯುಲೇಟರು ಎಷ್ಟು ನೈಜ?’ ಎಂಬ ಪ್ರಶ್ನೆಗೆ ಯಂತ್ರವನ್ನು ಮಾತ್ರ ನೋಡಿ ಉತ್ತರ ಹೇಳಲಾಗದು. ಯಾರಿಗೆ ಎಂದು ಕೇಳಬೇಕು.

ಅಸತ್ಯವಾದ ಸಾಧನದಿಂದ ಸತ್ಯವಾದ ಫಲ ಬಾರದೆಂದು ಇದರಿಂದ ಹೇಳಿದಂತಾಗಲಿಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ಶಂಕೆಯನ್ನು ಎತ್ತಿ, ವಿಷವೇರಿತೆಂಬ ಬರಿಯ ಶಂಕೆಯಿಂದಲೇ ಮರಣಾದಿಗಳು ಉಂಟಾಗುವುದನ್ನು ತೋರಿಸಿದ್ದಾರೆ. ನಿಜವಾಗಿ ಅಕ್ಷರವಲ್ಲದ ಗೆರೆಗಳನ್ನು ಕಂಡು ನಿಜವಾದ ಅಕ್ಷರದ ತಿಳಿವು ಉಂಟಾಗುವುದನ್ನೂ ಹೇಳಿದ್ದಾರೆ. ಗೆರೆಯಿಂದ ಅಕ್ಷರ ಬರಬಹುದಾದರೆ ತೆರೆಯಿಂದ ವಿದ್ಯೆ ಏಕೆ ಬರಬಾರದು? ಬರುತ್ತದೆ. ೨೦೧೮ರ ಆಗಸ್ಟ್ ೧೦ರಂದು ಅಮೆರಿಕೆಯ ಸಿಯಾಟಲ್ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸಗಾರನೊಬ್ಬನು, ಚಾಲಕನ ಲೈಸೆನ್ಸಿಲ್ಲದವನು, ಎರಡು ಇಂಜಿನಿನ ದೊಡ್ಡ ವಿಮಾನವೊಂದನ್ನು ಒಬ್ಬನೇ ಎತ್ತಿಕೊಂಡು ಹೋಗಿ, ಒಂದು ಗಂಟೆಗೂ ಮೀರಿ ಹಾರಿಸಿ, ನುರಿತವರೂ ಬೆರಗಾಗುವಂತೆ ಅದನ್ನು ಪಲ್ಟಿ ಹೊಡೆಸಿದನು. ಕೆಳಗಿನಿಂದ ಕೇಳಿದವರಿಗೆ, ತಾನು ವಿಡಿಯೋ ಆಟಗಳನ್ನು ಆಡಿದ್ದೇನೆಂದು ಹೇಳಿದನು. ಕಡೆಗೆ ಒಂದು ದ್ವೀಪದ ಮೇಲೆ ವಿಮಾನ ಬಿದ್ದು ಅವನು ತೀರಿಕೊಂಡನು. ಬೇರೆ ಯಾರಿಗೂ ಪೆಟ್ಟಾಗಲಿಲ್ಲವೆಂಬುದು ದೈವ. ಆತನ ಮನಸ್ಸಿನಲ್ಲಿ ಏನು ನೋವಿತ್ತೋ ಅದನ್ನು ತೂಗುವುದು ಇಲ್ಲಿನ ಕೆಲಸವಲ್ಲ. ಮನೆಯಲ್ಲಿ ಕಲಿತುದು ಏನೂ ಅಲ್ಲವೆಂದು ಹೇಳುವವರು ಈ ಸಂಗತಿಯನ್ನು ನುಂಗಿಕೊಳ್ಳಲಾರರು. ಕಲಿತುದೇ ಎಲ್ಲವೂ ಎನ್ನುವವರೂ ನುಂಗಿಕೊಳ್ಳಲಾರರು. ಅವನಿಗೆ ವಿಮಾನವನ್ನು ಎತ್ತಲು ಬರುತ್ತಿತ್ತು. ಎತ್ತುವ ಅಧಿಕಾರವಿರಲಿಲ್ಲ. ಈ ಎರಡನ್ನೂ ಕನ್ನಡದಲ್ಲಿ “ಬರುತ್ತದೆ”, “ಸಲ್ಲುತ್ತದೆ” ಎಂಬ ಬೇರೆ ಬೇರೆ ಮಾತುಗಳಿಂದ ಹೇಳುವುದು ಸುಮ್ಮನಲ್ಲ.

ಮನೆಯಲ್ಲಿ ಕಲಿಯುವವರು ಏಕಲವ್ಯನನ್ನು ಮುಂದಿಡುವುದುಂಟು. ಮಣ್ಣಿನ ಬೊಂಬೆಯ ಮುಂದೆ ಕಲಿತವನು ಅರ್ಜುನನನ್ನೂ ಮೀರಿಸಿದನಲ್ಲವೆ ಎನ್ನುತ್ತಾರೆ. ಉಪಮೆಯು ಅವರಿಗೆ ಒದಗುವುದಿಲ್ಲ. ಏಕಲವ್ಯನ ಕಾಡಿನಲ್ಲಿ ಬೊಂಬೆಯಾಗಿದ್ದವನು ಗುರು ಮಾತ್ರ. ಬಿಲ್ಲು ನಿಜ, ಬಾಣ ನಿಜ, ಹೆದೆ ಉಜ್ಜಿ ದಡ್ಡುಗಟ್ಟಿದ ತೋಳೂ ನಿಜ. ತೆರೆಯ ಮುಂದಿನ ತರುಣನಿಗೆ ಬಾಣವೇ ಬೊಂಬೆ. ಅವನಿಗೆ ತಕ್ಕ ಉಪಮೆ ವಿರಾಟಪರ್ವದಲ್ಲಿದೆ. ಉತ್ತರಕುಮಾರನ ಪೌರುಷ ಒಲೆಯ ಮುಂದೆ ಎಂದು ಮನೆಮನೆಗಳಲ್ಲಿಯೂ ನಗುತ್ತಾರೆ. ರಾಣಿವಾಸದ ಹೆಂಗಸರ ನಡುವೆ ಕುಳಿತು ಕೌರವರನ್ನು ಕತ್ತರಿಸಿಹಾಕಿದವನು, ನಿಜವಾದ ಸೇನೆಯನ್ನು ಕಂಡ ಕೂಡಲೇ ರಥದಿಂದ ಧುಮುಕಿ ಓಡಿದನು. ಆದರೆ ಗಾದೆಯು ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಬೃಹನ್ನಳೆಯು ಓಡಿ ಹೋಗಿ ಅವನನ್ನು ಹಿಡಿದು ತಂದು ರಥದ ಮೇಲೆ ಕೂರಿಸಿದಳು. ಅನಂತರ ಅರ್ಜುನನು ಬಿಲ್ಲು ಹಿಡಿದಾಗ ಕುದುರೆಗಳ ಲಗಾಮನ್ನು ಹಿಡಿದು, ಭೀಷ್ಮದ್ರೋಣರ ನಡುವೆ ರಥವನ್ನು ನಡೆಸಿದವನು ಇದೇ ಉತ್ತರ. ಅರಮನೆಯಲ್ಲಿ ಬಡಾಯಿ ಕೊಚ್ಚಿದುದರಲ್ಲಿ ಒಂದಿಷ್ಟು ಕಾಳೂ ಇದ್ದಿರಬೇಕು. ಅದನ್ನು ಹೊರತೆಗೆದುದು ಪಕ್ಕದಲ್ಲಿ ಕುಳಿತವನ ಬಲ.

ಭಾರತದಲ್ಲಿ ವೃತ್ತಿಯ ಚಾಲಕನ ಲೈಸೆನ್ಸಿಗೆ ೨೦೦ ಗಂಟೆಗಳ ಹಾರಾಟವನ್ನು ಕೇಳುತ್ತಾರೆ. ಮನೆಯ ಕಂಪ್ಯೂಟರಿನ ಮುಂದೆ ಕಳೆದ ಗಂಟೆಗಳಲ್ಲಿ ಒಂದೂ ಆ ಪುಸ್ತಕಕ್ಕೆ ಏರದು. ಆ ತರುಣನು ತೋಟದ ಮಾತನ್ನು ಸದ್ಯಕ್ಕೆ ಹಾಗೆಯೇ ಇರಿಸಿ, ಮೊದಲು ಒಂದು ಗಂಟೆಯ ಹಾರಾಟಕ್ಕೆ ಮಾತ್ರ ಹಣ ಕಟ್ಟಿ, ಎರಡು ಹಿಡಿಕೋಲುಗಳಿರುವ ಸಣ್ಣ ವಿಮಾನದಲ್ಲಿ ಶಿಕ್ಷಕನ ಪಕ್ಕದಲ್ಲಿ ಕುಳಿತನೆನ್ನಬಹುದು. ಗುಂಡಿಗಳ ಹೆಸರೆಲ್ಲ ಅವನಿಗೆ ಗೊತ್ತು. ಶಿಕ್ಷಕನು ಕೇಳುವ ಮೊದಲೇ ಹೇಳುತ್ತಾನೆ. ಮೇಲೇರಿದ ಮೇಲೆ ಅವನ ದೃಷ್ಟಿ ಮುಳ್ಳುಗಳನ್ನು ಬಿಟ್ಟು ಕದಲದು. ಎತ್ತರದ ಮುಳ್ಳು ಇಪ್ಪತ್ತಡಿ ಸರಿದರೆ ಕೋಲನ್ನು ಎಳೆಯುತ್ತಾನೆ, ಸರಿದರೆ ಮತ್ತೆ ನೂಕುತ್ತಾನೆ. ಮನೆಯಿಂದ ಬಂದವರಲ್ಲಿ ಈ ಚಾಳಿಯನ್ನು ಶಿಕ್ಷಕರು ಬಲ್ಲರು. ಅವನೇನೂ ಬೈಯುವುದಿಲ್ಲ. ಜೇಬಿನಿಂದ ಒಂದು ಕಾಗದವನ್ನು ತೆಗೆದು ಮುಳ್ಳುಗಳ ಮೇಲೆ ಮುಚ್ಚಿ, “ಈಗ ಹೊರಗೆ ನೋಡಪ್ಪ” ಎನ್ನುತ್ತಾನೆ. ತರುಣನು ತಲೆಯೆತ್ತಿ ನೋಡುತ್ತಾನೆ. ದಿಗಂತವು ಎಡಕ್ಕೆ ಬೆರಳಗಲ ವಾಲಿದೆ. ಕೋಲು ಅಂಗೈಯನ್ನು ಮೆಲ್ಲಗೆ ಒತ್ತುತ್ತಿದೆ, ಬಹುಶಃ ಆಗಿನಿಂದಲೂ ಒತ್ತು‌ತ್ತಲೇ ಇತ್ತು.